ಎಂಟು ತಿಂಗಳು ತಿಂದ ತವರ

ಕಾಂತೀಯ ರೇರ್ ಅರ್ಥ್ ಲೋಹಗಳನ್ನೆಲ್ಲ ಬಿಟ್ಟು ಬರೀ ಲ್ಯಾಂಥನಂ, ಇಟ್ರಿಯಂ, ಲುಟೀಷಿಯಂ ಹಿಡಿದುಕೊಂಡರೆ ಹೊಸ ಸೂಪರ್‌ಕಂಡಕ್ಟರ್ (ತುಂಬಾ ತಣಿಸಿದಾಗ ಕರೆಂಟಿಗೆ ಒಂಚೂರೂ ರೋಧ ಒಡ್ಡದ ವಸ್ತು) ಬೇಗ ಸಿಗುತ್ತಾ ಅಂತ ಕೇಳಿದ್ದೀರಿ. ಕಾಂತೀಯತೆ ಸಾಮಾನ್ಯವಾಗಿ ಸೂಪರ್‌ಕಂಡಕ್ಟಿವಿಟಿಯನ್ನು ಕೆಡಿಸುತ್ತದೆ, ಈ ಮೂರೂ ಕಾಂತೀಯವಲ್ಲ ಅನ್ನುವುದು ನಿಮ್ಮ ಲೆಕ್ಕ. ಪಿಎಚ್‌ಡಿಯ ಎರಡನೇ ವರ್ಷ ನಾನೂ ಇದೇ ಲೆಕ್ಕ ಹಾಕಿ ಲ್ಯಾಂಥನಂ ಆರಿಸಿಕೊಂಡಿದ್ದೆ.

ಲ್ಯಾಂಥನಂ ಇರುವ ಒಂದು ಫಾಸ್ಫೈಡ್ (ರಂಜಕದ ಸಂಯುಕ್ತ) ಹರಳನ್ನು ಕರಗಿದ ತವರದಲ್ಲಿ ಬೆಳೆಸುತ್ತಿದ್ದೆ. ಕುಲುಮೆಯನ್ನು ನಿಧಾನವಾಗಿ ತಣಿಸಬೇಕು. ತವರ ಗಟ್ಟಿಯಾಗುವ ಮೊದಲೇ ಕೊಳವೆಯನ್ನು ಸೆಂಟ್ರಿಫ್ಯೂಜ್‌ಗೆ ಹಾಕಿ ತಿರುಗಿಸಿದರೆ ತವರ ಸೋರಿಹೋಗಿ ಹರಳು ಉಳಿಯುತ್ತದೆ. ಹೊಳೆಯುವ ಪುಟ್ಟ ಬಿಲ್ಲೆಗಳು. ಒಂದಕ್ಕೆ ನಾಲ್ಕು ತಂತಿ ಅಂಟಿಸಿ ತಣಿಸಿದೆ. 3.7 ಕೆಲ್ವಿನ್‌ಗೆ (ಸುಮಾರು −269 ಡಿಗ್ರಿ ಸೆಲ್ಸಿಯಸ್) ಬರುತ್ತಿದ್ದ ಹಾಗೇ ರೋಧ ಧಡಕ್ಕನೆ ಸೊನ್ನೆಗೆ ಬಿತ್ತು. ಆ ರಾತ್ರಿ ನಿದ್ದೆಯೇ ಬರಲಿಲ್ಲ.

ತಪ್ಪಿದ್ದು ಇಲ್ಲಿ. ತವರವೇ 3.72 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಸೂಪರ್‌ಕಂಡಕ್ಟರ್ ಕಾಂತಕ್ಷೇತ್ರವನ್ನು ಹೊರಗಿಡುತ್ತದಲ್ಲ, ಅದನ್ನು ನೋಡುವ ಕಾಂತೀಯ ಅಳತೆಯಲ್ಲೂ ಸಿಗ್ನಲ್ ಜೋರಾಗಿ ಬಂದಿತ್ತು. ಇಷ್ಟು ಜೋರು ಇದ್ದಮೇಲೆ ಹರಳಿನದ್ದೇ ಎಂದು ನಂಬಿಬಿಟ್ಟೆ. ಹರಳಿನ ಸುತ್ತ ತವರದ ತೆಳು ಸಿಪ್ಪೆ ಅಂಟಿದ್ದರೂ ಸಾಕು, ಕಾಂತಕ್ಷೇತ್ರ ಒಳಗೆ ನುಗ್ಗದಂತೆ ಅದೇ ತಡೆದುಬಿಡುತ್ತದೆ. ನೋಡುವವರಿಗೆ ಇಡೀ ಹರಳೇ ಬದಲಾದಂತೆ ಕಾಣುತ್ತದೆ. ರೋಧದ್ದೂ ಅದೇ ಕಥೆ. ಕರೆಂಟಿಗೆ ಈ ತುದಿಯಿಂದ ಆ ತುದಿಗೆ ತವರದ ಒಂದು ಎಳೆ ಸಿಕ್ಕರೆ ಅದರಲ್ಲೇ ಹರಿದುಹೋಗುತ್ತದೆ.

ಎಂಟು ತಿಂಗಳು ಲ್ಯಾಂಥನಂ ಜಾಗಕ್ಕೆ ಒಮ್ಮೆ ಸೀರಿಯಂ, ಒಮ್ಮೆ ಪ್ರಸಿಯೋಡಿಮಿಯಂ ಬೆರೆಸುತ್ತಾ ಹೋದೆ. ಏನು ಬೆರೆಸಿದರೂ ಕುಸಿತ ಅದೇ 3.7ಕ್ಕೆ. ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ? ಹರಳಿನದ್ದೇ ಆಗಿದ್ದರೆ ಸೀರಿಯಂ ಸೇರಿದಾಗ ಕೊಂಚವಾದರೂ ಅಲುಗಬೇಕಿತ್ತು.

ಕೊನೆಗೆ ಲ್ಯಾಬಿನ ಹಿರಿಯರೊಬ್ಬರು ವಿಶಿಷ್ಟ ಉಷ್ಣ (ಒಂದು ಗ್ರಾಂ ವಸ್ತುವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ) ಅಳೆಯಲು ಹೇಳಿದರು. ಹರಳು ಒಳಗೆಲ್ಲ ಸೂಪರ್‌ಕಂಡಕ್ಟರ್ ಆಗಿದ್ದರೆ ತಾಪಮಾನದ ಜೊತೆ ಎಳೆದ ಅದರ ಗೆರೆ ಒಂದು ಕಡೆ ನೆಗೆಯಬೇಕು. ಎಲ್ಲೂ ನೆಗೆಯಲಿಲ್ಲ. ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತವರ ತೊಳೆದು ಮತ್ತೆ ತಣಿಸಿದೆ. 3.7ರ ಕುಸಿತವೂ ಮಾಯ.

ಲ್ಯಾಂಥನಂ ಹಿಡಿದರೂ ನನಗೆ ಸಿಕ್ಕಿದ್ದು ತವರದ ಸಿಗ್ನಲ್. ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಕಾಂತೀಯ ಧಾತು ಬೇಡವೇ ಬೇಡ ಎಂದು ಕೂತಿದ್ದರೆ, 1979ರಲ್ಲಿ ಜರ್ಮನ್ ಭೌತವಿಜ್ಞಾನಿ ಸ್ಟೆಗ್ಲಿಕ್ ಅವರ ತಂಡ, ಕಾಂತೀಯ ಸೀರಿಯಂ ಇರುವ ಸೀರಿಯಂ-ತಾಮ್ರ-ಸಿಲಿಕಾನ್ ಸಂಯುಕ್ತದಲ್ಲಿ ಸೂಪರ್‌ಕಂಡಕ್ಟಿವಿಟಿ ಕಾಣುತ್ತಲೇ ಇರಲಿಲ್ಲ. 2008ರ ಕಬ್ಬಿಣದ ಆರ್ಸೆನೈಡ್‌ಗಳನ್ನೇ (ಕಬ್ಬಿಣ-ಆರ್ಸೆನಿಕ್ ಸಂಯುಕ್ತಗಳು) ನೋಡಿ. ಲ್ಯಾಂಥನಂ ಇದ್ದಾಗ ಸೂಪರ್‌ಕಂಡಕ್ಟರ್ ಆಗುವುದು 26 ಕೆಲ್ವಿನ್‌ನಲ್ಲಿ. ಅದೇ ಜಾಗಕ್ಕೆ ಸಮೇರಿಯಂ ಬಂದಾಗ 55. ಸಮೇರಿಯಂ ಕಾಂತೀಯವೇ.

ಧಾತು ಯಾವುದನ್ನಾದರೂ ಹಿಡಿಯಿರಿ. ಮೊದಲ ಕುಸಿತ ಕಂಡ ದಿನ ಸುಮ್ನೆ ಕುಣಿಯಬೇಡಿ. ತವರ 3.7, ಇಂಡಿಯಂ 3.4, ಸೀಸ 7.2, ಬರೀ ಲ್ಯಾಂಥನಂ 5ರಿಂದ 6: ಈ ಲೋಹಗಳು ತಾವೇ ಸೂಪರ್‌ಕಂಡಕ್ಟರ್ ಆಗುವ ಕೆಲ್ವಿನ್ ಅಂಕಿಗಳ ಪಕ್ಕದಲ್ಲಿ ನಿಮ್ಮದನ್ನು ಇಟ್ಟು ನೋಡಿ. ಹರಳನ್ನು ತೊಳೆದು ಇನ್ನೊಮ್ಮೆ ಅಳೆಯಿರಿ, ಆಮೇಲೆ ವಿಶಿಷ್ಟ ಉಷ್ಣ. ಗೈಡ್ ಹತ್ತಿರ ಹೋಗುವುದು ಅದಾದ ಮೇಲೆ.