ತಲೆಯ ಸಿಟಿ ಸ್ಕ್ಯಾನ್: ಮಗುವಿನ ಕಣ್ಣಿಗೆ ವಿಕಿರಣದ ಭಯವೆಷ್ಟು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಸಮೀಪದ ಹಳ್ಳಿ. ಏಳು ವರ್ಷದ ಮಗಳು ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು, ನಾಲ್ಕಾರು ಬಾರಿ ವಾಂತಿ ಮಾಡಿಕೊಂಡಿದ್ದರಿಂದ ಶಿವಮೊಗ್ಗದಲ್ಲಿ ತಲೆಯ ಸಿಟಿ ಸ್ಕ್ಯಾನ್ ಮಾಡಿಸಿದೆವು. ವರದಿಯಲ್ಲಿ ತೊಂದರೆಯೇನೂ ಇಲ್ಲ, ಈಗ ಆಡಿಕೊಂಡಿದ್ದಾಳೆ. ಆದರೆ ಸ್ಕ್ಯಾನ್ ಮಾಡುವಾಗ ಕಣ್ಣಿಗೆ, ಕುತ್ತಿಗೆಗೆ ಏನನ್ನೂ ಹೊದಿಸಲಿಲ್ಲ. ಇದರಿಂದ ಅಪಾಯವಿದೆಯೇ? ಧೈರ್ಯಕ್ಕೆ ಇನ್ನೊಮ್ಮೆ ಮಾಡಿಸಿ ಎಂದು ನೆಂಟರು ಹೇಳುತ್ತಿದ್ದಾರೆ.

ಉತ್ತರ: ತಲೆಯ ಸ್ಕ್ಯಾನಿನಲ್ಲಿ ನಾವು ಹೆಚ್ಚು ಗಮನಿಸುವುದು ಕಣ್ಣಿನ ಮಸೂರವನ್ನು. ಅದು ನೇರವಾಗಿ ಕಿರಣದ ದಾರಿಯಲ್ಲಿ ಬಂದರೆ ಒಂದು ಸ್ಕ್ಯಾನಿಗೆ ಹತ್ತಾರು ಮಿಲಿಗ್ರೇ (ಒಂದು ಅಂಗವು ಹೀರಿಕೊಳ್ಳುವ ವಿಕಿರಣದ ಅಳತೆ) ವಿಕಿರಣ ತಾಗಬಹುದು. ಮಸೂರದಲ್ಲಿ ಪೊರೆ ಬೆಳೆಯಲು ಸುಮಾರು 500 ಮಿಲಿಗ್ರೇ ಬೇಕೆಂದು ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗವು 2011ರಲ್ಲಿ ಪರಿಗಣಿಸಿದೆ. ಹಾಗಾಗಿ ಒಂದು ಸ್ಕ್ಯಾನಿನಿಂದ ಕಣ್ಣು ಕೆಡುವುದಿಲ್ಲ, ಪದೇ ಪದೇ ಮಾಡಿಸಿದಾಗ ಮಾತ್ರ ಲೆಕ್ಕ ಬೆಳೆಯುತ್ತದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯು ಕಿರಣದ ಹೊರಗೇ ಉಳಿಯುವುದರಿಂದ ಅದಕ್ಕೆ ತಾಗುವುದು ಚದುರಿದ ಅಲ್ಪಾಂಶ ಮಾತ್ರ. ಆದರೆ ಮಕ್ಕಳ ಕುತ್ತಿಗೆ ಗಿಡ್ಡ, ಗ್ರಂಥಿಯೂ ಸೂಕ್ಷ್ಮ. ಆದ್ದರಿಂದ ಸ್ಕ್ಯಾನನ್ನು ಅಗತ್ಯಕ್ಕಿಂತ ಕೆಳಕ್ಕೆ ಎಳೆಯಬಾರದು.

ಹೊದಿಸಲಿಲ್ಲವೆಂದು ಟೆಕ್ನೀಷಿಯನ್ ಅವರನ್ನು ದೂರಬೇಡಿ. ಕಿರಣದ ದಾರಿಯಲ್ಲೇ ವಿಕಿರಣ ತಡೆಯುವ ಸೀಸವನ್ನಿಟ್ಟರೆ ಚಿತ್ರದ ತುಂಬ ಗೀರುಗಳು ಮೂಡಿ, ನೋಡಬೇಕಾದ ರಕ್ತಸ್ರಾವವೇ ಮರೆಯಾದೀತು. ಹಿಂದೆ ಕಣ್ಣಿನ ಮೇಲೆ ಬಳಸುತ್ತಿದ್ದ ಬಿಸ್ಮತ್ ಲೋಹದ ಪಟ್ಟಿಯೂ ಮೆದುಳಿನ ಮುಂಭಾಗದ ಚಿತ್ರವನ್ನು ಮಂಕಾಗಿಸುತ್ತದೆ. ಇದಕ್ಕಿಂತ ಫಲಕಾರಿಯಾದದ್ದು, ನನ್ನ ಅನುಭವದಲ್ಲಿ ಅವಸರದ ನಡುವೆ ಮರೆತೂ ಹೋಗುವಂಥದ್ದು, ಮಗುವಿನ ಗದ್ದವನ್ನು ಎದೆಯತ್ತ ಬಾಗಿಸುವುದು ಅಥವಾ ಗ್ಯಾಂಟ್ರಿಯನ್ನೇ (ಯಂತ್ರದ ಬಳೆಯಾಕಾರದ ಭಾಗ) ಓರೆಯಾಗಿಸುವುದು. ಆಗ ಸ್ಕ್ಯಾನಿನ ಗೆರೆ ಹುಬ್ಬಿನ ಮೇಲಿಂದ ಹಾಯ್ದು, ಕಣ್ಣುಗಳು ನೇರ ಕಿರಣದಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತವೆ. ಮುಖದ ಮೂಳೆ ಮುರಿದಿರುವ ಅನುಮಾನವಿದ್ದರೆ ಮಾತ್ರ ಇದು ಆಗದು. ಕುತ್ತಿಗೆಗೆ ಪೆಟ್ಟಾಗಿರಬಹುದೆಂಬ ಶಂಕೆಯಿದ್ದರೆ ತಲೆಯನ್ನು ಬಾಗಿಸುವಂತೆಯೂ ಇಲ್ಲ.

ಇಡೀ ದೇಹದ ಲೆಕ್ಕದಲ್ಲಿ ತಲೆಯ ಸ್ಕ್ಯಾನ್ ಸುಮಾರು 2 ಮಿಲಿಸೀವರ್ಟ್ (ದೇಹಕ್ಕಾಗುವ ಒಟ್ಟು ವಿಕಿರಣ ಅಪಾಯದ ಅಳತೆ). ನೆಲ, ಗಾಳಿ, ಆಹಾರಗಳಿಂದ ನಮಗೆಲ್ಲ ವರ್ಷಕ್ಕೆ ಸಿಗುವುದು ಜಾಗತಿಕ ಸರಾಸರಿಯಲ್ಲಿ 2.4. ಮುಂದೆ ಕ್ಯಾನ್ಸರ್ ಬರುವ ಸಂಭವ ಇದರಿಂದ ತೀರ ಸ್ವಲ್ಪ ಹೆಚ್ಚಬಹುದು, ಸೊನ್ನೆ ಎನ್ನಲಾಗದು. ಬಿದ್ದ ಮೇಲೆ ಮತ್ತೆ ಮತ್ತೆ ವಾಂತಿಯಾದ ಮಗುವಿಗೆ ಮೊದಲ ಸ್ಕ್ಯಾನ್ ಆ ಬೆಲೆಗೆ ತಕ್ಕದ್ದೇ ಆಗಿತ್ತು. ಆಡಿಕೊಂಡಿರುವ ಮಗುವಿಗೆ ಬರೀ ಧೈರ್ಯಕ್ಕಾಗಿ ಎರಡನೆಯದು ಬೇಡ.

ಅತಿಯಾದ ಮಂಪರು, ಹೆಚ್ಚುತ್ತಿರುವ ತಲೆನೋವು, ಮತ್ತೆ ವಾಂತಿ, ಫಿಟ್ಸ್ ಕಂಡರೆ ಮಾತ್ರ ಮಳೆ, ಘಾಟಿ ಎಂದು ಕಾಯದೆ ಹೊರಡಿ. ಆಗ ವಿಕಿರಣದ ಯೋಚನೆ ಬೇಡ. ಈಗಿನ ಫಿಲ್ಮ್, ಸಿ.ಡಿ.ಗಳನ್ನು ಜೋಪಾನವಾಗಿಟ್ಟು ಜೊತೆಗೆ ಒಯ್ಯಿರಿ. ಮಣಿಪಾಲಕ್ಕೆ ಹೋದರೂ ಹಳೆಯ ಚಿತ್ರ ಕೈಯಲ್ಲಿದ್ದರೆ ಎಷ್ಟೋ ಬಾರಿ ಹೊಸ ಸ್ಕ್ಯಾನ್ ತಪ್ಪುತ್ತದೆ.