ಬ್ರೀಡ್ ಹೆಸರು ದೇವತೆದಾ, ಸಂತಳದಾ?

ಡಬ್ಲಿನ್ ಟೀಮಲ್ಲಿರೋರ ಹೆಸರನ್ನ ನೀವು 'ಬ್ರಿಡ್' ಅಂತ ಕರೆದು ಮುಜುಗರ ಆಯ್ತು ಅಂದ್ರಲ್ಲ, ಅದು ಬ್ರೀಡ್ ಸರ್, ದೀರ್ಘ. Bríd ಅಂತ ಬರೀವಾಗ i ಅಕ್ಷರದ ಮೇಲೆ ಒಂದು ಓರೆ ಗೀಟು ಇರುತ್ತಲ್ಲ ಅದನ್ನ ಐರಿಶ್‌ನಲ್ಲಿ ಫಾಡ ಅಂತಾರೆ, ಅದರ ಅರ್ಥಾನೂ 'ಉದ್ದ' ಅಂತಲೇ, ನಮ್ಮ ದೀರ್ಘದ ಗುರುತು ಇದ್ದಂಗೆ. ಕೆಲವು ಕಡೆ ಕೊನೇಲಿ ಡ್ ಬದಲು ಜ್ ಥರ ಕೇಳ್ಸುತ್ತೆ, ಅವರನ್ನೇ ಒಂದ್ಸಲ ಕೇಳ್ಬಿಡಿ.

ದೇವತೆನಾ ಸಂತಳಾ ಅಂದ್ರೆ ಎರಡೂ. ಬ್ರೀಡ್ ಅನ್ನೋದು ಬ್ರಿಗಿಟ್ ಅನ್ನೋ ಹಳೇ ಹೆಸರಿನ ಈಗಿನ ರೂಪ. ಮೊದ್ಲು ಬ್ರಿಗಿಟ್ ಅನ್ನೋ ದೇವತೆ, ಐರಿಶ್ ಪುರಾಣದ ದೊಡ್ಡ ದೇವರು ದಗ್ದನ ಮಗಳು, ಕಾವ್ಯಕ್ಕೆ ಅವಳೇ, ವೈದ್ಯಕ್ಕೆ ಕಮ್ಮಾರಿಕೆಗೆ ಅದೇ ಹೆಸರಿನ ಅವಳ ಅಕ್ಕತಂಗೀರು ಅಂತ ಹಳೇ ಐರಿಶ್ ನಿಘಂಟೊಂದು ಹೇಳುತ್ತೆ. ಹೆಸರಿನ ಮೂಲ ಅರ್ಥ 'ಎತ್ತರದವಳು', ಮಜಾ ಏನಂದ್ರೆ ನಮ್ಮ ಬೃಹತ್, ಬೃಹತೀ ಕೂಡ ಇದೇ ಬೇರಿಂದ ಬಂದಿರೋದು!

ಆಮೇಲೆ ಅದೇ ಹೆಸರಿನ ಸಂತ ಬ್ರಿಜಿಡ್, ಐರ್ಲೆಂಡಿನ ಕಿಲ್ಡೇರ್ ಊರಿನವಳು, 5-6ನೇ ಶತಮಾನ. ಮಠಕ್ಕೆ ಜಾಗ ಕೇಳಿದ್ಳಂತೆ, ರಾಜ ಕೊಡಲ್ಲ ಅಂದ, ಸರಿ ನನ್ನ ಮೇಲುಹೊದಿಕೆ ಮುಚ್ಚೋವಷ್ಟಾದ್ರೂ ಕೊಡು ಅಂದ್ಳು, ಹಾಸಿದ್ರೆ ಅದು ಹರಡ್ತಾ ಹರಡ್ತಾ ಇಡೀ ಬಯಲನ್ನೇ ಮುಚ್ಕೊಂಡು ಬಿಡ್ತು (ವಾಮನ ನೆನಪಾಗ್ಲಿಲ್ವಾ?). ಅವಳ ಹಬ್ಬ ಫೆಬ್ರವರಿ 1, ವಸಂತದ ಶುರುವಿಗೆ ಮಾಡ್ತಿದ್ದ ಹಳೇ ಇಂಬೋಲ್ಕ್ ಹಬ್ಬದ ದಿನಾನೇ, ಅದಕ್ಕೇ ದೇವತೆನೇ ಸಂತಳಾದ್ಳು ಅಂತ ಕೆಲವ್ರು ವಾದ ಮಾಡೋದು, ನಂಗೂ ಅರ್ಧ ಹಂಗೇ ಅನ್ಸುತ್ತೆ. ಆವತ್ತು ಜೊಂಡುಹುಲ್ಲಲ್ಲಿ ಶಿಲುಬೆ ಹೆಣೆದು ಬಾಗಿಲ ಮೇಲೆ ಸಿಗಿಸ್ತಾರೆ. 2023ರಿಂದ ಸರ್ಕಾರಿ ರಜೆನೂ ಇದೆ, ಸಾಮಾನ್ಯವಾಗಿ ಫೆಬ್ರವರಿ ಮೊದಲ ಸೋಮವಾರ, ಆವತ್ತು ಮಾತ್ರ ಅವರಿಗೆ ಮೀಟಿಂಗ್ ಇಡ್ಬೇಡಿ.