ಎಲ್ಲದಕ್ಕೂ ನನಗೇ ಫೋನ್, ಕೇಸ್ ಮುಗಿಸೋದು ಹೇಗೆ?

ಪ್ರಶ್ನೆ: ನಾನು ಮಕ್ಕಳ ರಕ್ಷಣಾ ವಿಭಾಗದಲ್ಲಿ ಕೇಸ್ ವರ್ಕರ್. ಒಂದು ಕುಟುಂಬ ವರ್ಷದಿಂದ ಎಲ್ಲದಕ್ಕೂ ನನಗೇ ಫೋನ್ ಮಾಡುತ್ತದೆ, ಶಾಲೆಯ ಅರ್ಜಿ ತುಂಬುವುದಕ್ಕೂ. ಏನು ಮಾಡಲಿ?

ಉತ್ತರ: ಮೊದಲ ಅರ್ಜಿ ನೀವೇ ತುಂಬಿಕೊಟ್ಟಿರಿ, ಅಲ್ವಾ? (ಬೇಗ ಮುಗಿಯಲಿ ಅಂತ ನಾವೆಲ್ಲ ಹೀಗೇ ಮಾಡುತ್ತೇವೆ.) ಮುಂದಿನ ಸಲ ಪಕ್ಕದಲ್ಲಿ ಕೂತು ತಾಯಿಯ ಕೈಯಲ್ಲೇ ಬರೆಸಿ, ಆಮೇಲಿನ ಸಲ ಅವರೊಬ್ಬರೇ ಹೋಗಿ ಬರಲಿ. ವಾರದ ಭೇಟಿಯನ್ನು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಇಳಿಸಿ. ಸುಮ್ನೆ ಒಮ್ಮೆಲೇ ನಿಲ್ಲಿಸಬೇಡಿ. ಅಜ್ಜಿ, ಚಿಕ್ಕಪ್ಪ, ನೆರೆಯವರನ್ನು ಕೂರಿಸಿ, ಯಾರು ಯಾವುದಕ್ಕೆ ನಿಲ್ಲುತ್ತಾರೆ ಅಂತ ಅವರೇ ತೀರ್ಮಾನಿಸಲಿ. ನ್ಯೂಜಿಲೆಂಡ್ 1989ರಲ್ಲೇ ಇಂಥ ಕುಟುಂಬ ಸಭೆಯನ್ನು ಕಾನೂನಿಗೆ ಸೇರಿಸಿತು. ಆದರೆ ಮಗುವಿಗೆ ಅಪಾಯ ಅನ್ನಿಸಿದರೆ ಈ ಲೆಕ್ಕವೆಲ್ಲ ಬಿಡಿ, ಅವತ್ತೇ ಹೋಗಿ.